ಮಡಿ ಅತ್ತೆಯ ಮೆಡಿಕಲ್ ಸೀಟು

ನನ್ನನ್ನು ಡಾಕ್ಟರನ್ನಾಗಿ ಮಾಡಲು ಹೊರಟವರು ಅಪ್ಪನಲ್ಲ, ಅಮ್ಮನಲ್ಲ, ನಾನಂತೂ ಅಲ್ಲವೇ ಅಲ್ಲ! ಅಪ್ಪನ ಅಕ್ಕ, ನಮ್ಮ ಮಡಿ ಅತ್ತೆ. ಗಂಡ ತೀರಿಕೊಂಡ ಮೇಲೆ ಧಾರವಾಡದಿಂದ ಮುಂಬಯಿಗೆ ಬಂದವರು. ಆಂಟಾಪ್ ಹಿಲ್‌ನ ನಮ್ಮ ಎರಡು ಕೋಣೆಗಳಲ್ಲಿ ಒಂದನ್ನು ತಾವೂ ದೇವರೂ ಹಂಚಿಕೊಂಡು, ಇನ್ನೊಂದನ್ನು ಉದಾರವಾಗಿ ನಮಗೆಲ್ಲ ಬಿಟ್ಟುಕೊಟ್ಟ ಮಹಾತಾಯಿ!

ಅತ್ತೆಗೆ ಆಗಾಗ ಎದೆ ಹೊಡೆದುಕೊಳ್ಳುತ್ತಿತ್ತು. ಡಾಕ್ಟರಿಗೆ ತೋರಿಸಲು ಮಾತ್ರ ಒಪ್ಪರು. ಊರ ಜನರನ್ನೆಲ್ಲ ಮುಟ್ಟಿದ ಕೈಯಿಂದ ತಮ್ಮನ್ನು ಮುಟ್ಟಿಸಿಕೊಳ್ಳುವುದೆ? "ಮನ್ಯಾಗಿನ ಹುಡುಗಿನ ಡಾಕ್ಟರ ಆದ್ಲಂದ್ರ ಸ್ನಾನಾ ಮಾಡಿ, ಒದ್ದಿ ಸೀರಿ ಉಟ್ಟು ಬಂದು ನೋಡ್ತಾಳ" ಎಂದು ತೀರ್ಮಾನಿಸಿಬಿಟ್ಟರು. ಒದ್ದೆ ಸೀರೆಯ ಡಾಕ್ಟರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಆಗ ಮೆಡಿಕಲ್ ಸೀಟಿಗೆ ಬೇರೆ ಪರೀಕ್ಷೆ ಇರಲಿಲ್ಲ. ಇಂಟರ್ ಸೈನ್ಸಿನ ಅಂಕಗಳೇ ಎಲ್ಲ. ಹೀಗಾಗಿ ನನ್ನ ಇಂಟರ್ ಅತ್ತೆಯ ಪಾಲಾಯಿತು.

ಓದು ಗಟ್ಟಿಯಾಗಿಯೇ ನಡೆಯಬೇಕು. ದನಿ ನಿಂತರೆ ನಿದ್ದೆ ಎಂದರ್ಥ. ಇಂಗ್ಲಿಷ್ ಬಾರದ ಅತ್ತೆ ಕಣ್ಣು ಮುಚ್ಚಿ, ಸ್ತೋತ್ರ ಕೇಳುವಂತೆ ಕೇಳುತ್ತ ಕೂಡುತ್ತಿದ್ದರು. ಒಂದು ಸಂಜೆ ಕಪ್ಪೆಯ ಸಂತಾನೋತ್ಪತ್ತಿಯ ಪಾಠ ಬಂತು. ನಾನು ದನಿ ತಗ್ಗಿಸಿದೆ.

"ಯಾಕ, ಗಂಟಲಾ ಬಿತ್ತೇನು? ಜೋರಾಗಿ ಓದು. ಬಾಜೂದವರೂ ನಾಕ ಅಕ್ಷರಾ ಕೇಳ್ಲಿ!"

ಓದಿದೆ. ಪಕ್ಕದ ಮನೆಯ ರೈಲ್ವೆ ಗುಮಾಸ್ತರಿಗೆ ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು. ಮರುದಿನದಿಂದ ಅವರ ಹೆಂಡತಿ ನಮ್ಮ ಕಡೆಯ ಕಿಟಕಿ ತೆರೆಯಲೇ ಇಲ್ಲ.

ಕಪ್ಪೆ ಕೊಯ್ಯುವಾಗ ನನ್ನ ಕೈ ನಡುಗುತ್ತದೆ ಎಂದು ಬಾಯಿಬಿಟ್ಟದ್ದು ಇನ್ನೊಂದು ತಪ್ಪು. ಮನೆಯಲ್ಲೇ ಕೊಯ್ದು ಕೈ ಪಳಗಿಸಬೇಕೆಂದು ಅತ್ತೆಯ ಅಪ್ಪಣೆಯಾಯಿತು. ಮಳೆಗಾಲದ ಆಂಟಾಪ್ ಹಿಲ್‌ನಲ್ಲಿ ಕಪ್ಪೆಗೇನು ಬರ! ಈರುಳ್ಳಿಯನ್ನೂ ಒಳಗೆ ಬಿಡದ ಮನೆಯ ಗ್ಯಾಲರಿಯಲ್ಲಿ ಕಪ್ಪೆ ಅಂಗಾತ ಮಲಗಿತು. ಹೊಸ್ತಿಲಾಚೆ ನಿಂತ ಅತ್ತೆ, "ಅಂಜಬ್ಯಾಡ, ಅದೇನ ನಿನ್ನ ಕಚ್ಚೂದಿಲ್ಲ" ಎಂದು ಧೈರ್ಯ ತುಂಬಿದರು. ಕೊಯ್ದದ್ದಕ್ಕೆ ನನಗೆ ಸ್ನಾನ, ನೋಡಿದ್ದಕ್ಕೆ ಅವರಿಗೆ ಸ್ನಾನ. ನಲ್ಲಿಯ ನೀರು ಅಷ್ಟಕ್ಕೇ ಮುಗಿದು, ಅಪ್ಪ ಮೈ ಒರೆಸಿಕೊಂಡು ಆಫೀಸಿಗೆ ಹೋದರು.

ಇದಕ್ಕೆಲ್ಲ ನೀವು ನಗಬಹುದು. ಮುಂದಿನದಕ್ಕೆ ನನಗೆ ಇಂದಿಗೂ ನಗು ಬರುವುದಿಲ್ಲ. ಗೋರೆಗಾಂವ್‌ನಲ್ಲಿದ್ದ ಬೆಳಗಾವಿಯ ಹುಡುಗನೊಬ್ಬ ನನ್ನನ್ನು ನೋಡಲು ಬಂದ. ನಾನು ಕದ್ದು ನೋಡಿದಾಗ ಅವನೂ ಕದ್ದು ನೋಡುತ್ತಿದ್ದ. ನನಗೆ ತುಂಬ ಹಿಡಿಸಿಬಿಟ್ಟ. ಅಷ್ಟರಲ್ಲಿ ದೇವರ ಕೋಣೆಯಿಂದ ಪ್ರಶ್ನೆ ತೂರಿಬಂತು.

"ಏನಪಾ, ಮನಷ್ಯಾನ ಮೈಯಾಗ ಎಲುಬು ಎಷ್ಟ ಇರ್ತಾವ?"

"ಗೊತ್ತಿಲ್ರಿ," ಎಂದ ಹುಡುಗ.

"ನಮ್ಮ ಹುಡುಗಿಗೆ ಗೊತ್ತದ. ಡಾಕ್ಟರ ಆಗಾಕಿ ಅಕಿ. ಮದವಿ ಗಿದವಿ ಈಗಿಲ್ಲ!"

ಹುಡುಗನ ಕಡೆಯವರು ಉಪ್ಪಿಟ್ಟು ಮುಗಿಸಿ ಎದ್ದು ಹೋದರು. ಎಲುಬಿನ ಲೆಕ್ಕ ನನಗೂ ಗೊತ್ತಿರಲಿಲ್ಲ; ನಮಗೆ ಕಲಿಸಿದ್ದು ಕಪ್ಪೆಯದು ಮಾತ್ರ. ಅತ್ತೆಯನ್ನು ಅಂದು ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ.

ಫಲಿತಾಂಶ ಬಂತು. ಪಾಸಾಗಿದ್ದೆ, ಸೀಟು ಸಿಗುವಷ್ಟು ಅಂಕ ಬಂದಿರಲಿಲ್ಲ. ಕಾಲೇಜಿನಿಂದ ಲೋಕಲ್ ರೈಲಿನಲ್ಲಿ ನುಗ್ಗಾಡಿ ಬಂದವಳು ಚಪ್ಪಲಿ ಬಿಟ್ಟು ನೇರ ದೇವರ ಕೋಣೆಯ ಬಾಗಿಲಿಗೆ ಹೋದೆ.

"ಸೀಟೂ ಇಲ್ಲ, ಹುಡುಗನೂ ಇಲ್ಲ. ಸಮಾಧಾನಾ ಆತೇನ್ರಿ ಅತ್ತಿ? ನಿಮ್ಮ ಎದಿ ಸಲುವಾಗಿ ನನ್ನ ಜೀವನಾನ ತಿಂದ್ರಿ!"

ಅಮ್ಮ ನನ್ನ ಬಾಯಿ ಮುಚ್ಚಲು ಬಂದಳು. ಪೂಜೆಗೆ ಕುಳಿತಿದ್ದ ಅತ್ತೆ ಎದ್ದು ಬಂದರು.

"ಬೈಯವಾ, ಎಷ್ಟ ಬೈತಿ ಬೈ. ಮೊದಲ ಇಷ್ಟ ನಾಡಿ ನೋಡು," ಎಂದು ಕೈ ಚಾಚಿದರು.

ಇಂಟರ್ ಸೈನ್ಸಿನಲ್ಲಿ ನಾಡಿ ನೋಡುವುದನ್ನು ಯಾರು ಕಲಿಸುತ್ತಾರೆ? ರೈಲಿನಲ್ಲಿ ಊರ ಜನರನ್ನೆಲ್ಲ ಮುಟ್ಟಿ ಬಂದ ಕೈಯಿಂದ, ಸಿಟ್ಟಿನಲ್ಲೇ ಮಣಿಕಟ್ಟು ಹಿಡಿದೆ. ಏನೂ ಸಿಗಲಿಲ್ಲ. ಅತ್ತೆಯೇ ನನ್ನ ಬೆರಳನ್ನು ಮೆಲ್ಲಗೆ ತಮ್ಮ ಹೆಬ್ಬೆರಳಿನ ಬುಡದತ್ತ ಸರಿಸಿದರು.

"ಇಲ್ಲಿ ಅದ ನೋಡ್ರಿ, ಡಾಕ್ಟರಬಾಯಾರ. ಬದಕತೇನೋ ಇಲ್ಲೋ ಹೇಳ್ರಿ."

"ಬದಕ್ತೀರಿ," ಎಂದೆ. ಅಳು ಬಂತು. ಅತ್ತೆ ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ನಾನೂ ಬಿಡಲಿಲ್ಲ.