ಮಾಳಿಗೆ ಹತ್ತಲಾರದ ಮೊಣಕಾಲುಗಳು

"ದೀಪಾವಳಿ ಹೊತ್ತಿಗೆ ಆದೋನಿ ಊರಾಗ ಒಂದು ಮೊಣಕಾಲೂ ನೋಯಂಗಿಲ್ಲ," ಎಂದು ಸಾರಿಬಿಟ್ಟರು ಹತ್ತಿ ವ್ಯಾಪಾರಿ ಕೊಟ್ರಬಸಪ್ಪನವರು. ಮೂವತ್ತೆಂಟನೆಯ ಇಸವಿಯ ಮಾತು. ಅಜ್ಜನ ಕಾಲದ ನೋವಿನೆಣ್ಣೆಯನ್ನು ಅವರು ಕುದಿಸುತ್ತಿದ್ದದ್ದು ಹೆಂಡತಿ ಗುರುಶಾಂತಮ್ಮ ತವರಿನಿಂದ ತಂದ ಹಿತ್ತಾಳೆ ಹಂಡೆಯಲ್ಲಿ. ಆ ನಾತಕ್ಕೆ ಮನೆಯ ಬೆಕ್ಕು ಪಕ್ಕದ ಬಸವಕ್ಕನ ಮನೆಗೆ ಬಿಡಾರ ಬದಲಿಸಿತ್ತು.

"ನನ್ನ ಹಂಡೆ ಯಾವಾಗ ಬಿಡ್ತೀರಿ?"

"ಹದಿಮೂರು ಮಂದಿ ನಾ ಕೂಡೋ ಮಾಳಿಗಿ ಹತ್ತಿ ಬಂದು ಗುಣ ಆತು ಅಂದಾರ. ಇನ್ನೇನು ಸಾಕ್ಷಿ ಬೇಕು ನಿನಗ?"

"ಗುಣ ಆಗದವ್ರು ಹದಿನಾಲ್ಕು ಮೆಟ್ಲು ಹೆಂಗ ಹತ್ತಿ ಬಂದು ಹೇಳ್ತಾರ್ರೀ?"

ಕೊಟ್ರಬಸಪ್ಪನವರು ಹಂಡೆಯೊಳಗೆ ಸೌಟು ತಿರುವತೊಡಗಿದರು.

"ಹತ್ತಿ ಕೊಳ್ಳುವಾಗ ಮೂಟಿ ಮ್ಯಾಲಿನ ಹಿಡಿ ನೋಡಿ ರೇಟು ಹೇಳ್ತೀರೇನು? ನಡುವಿಗೆ ಕೈ ಹಾಕಿ ಜಗ್ತೀರಿ. ಮದ್ದಿಗೂ ಹಂಗ ಮಾಡ್ರಿ."

ಪಂದ್ಯ ನಿಗದಿಯಾಯಿತು. ಇಪ್ಪತ್ತು ಕಪ್ಪು ಶೀಶೆ. ಹತ್ತರಲ್ಲಿ ಅವರ ಎಣ್ಣೆ. ಹತ್ತರಲ್ಲಿ ಬರೀ ಶೇಂಗಾ ಎಣ್ಣೆ, ನಾತಕ್ಕೊಂದು ಬೆಳ್ಳುಳ್ಳಿ ಎಸಳು. ಯಾವ ಎಣ್ಣೆ ಎಂದು ಬಿರಡೆಯೊಳಗೆ ಹಾಕಿದ ಗುರುತು ಗುರುಶಾಂತಮ್ಮನಿಗೆ ಮಾತ್ರ ಗೊತ್ತು. ಬಸವಕ್ಕ ಕಣ್ಣು ಮುಚ್ಚಿ ಒಂದೊಂದೇ ಎತ್ತಿ ಮೊಣಕಾಲು ನೋವಿನ ಇಪ್ಪತ್ತು ಮನೆಗೆ ಕೊಟ್ಟಳು. ತಿಂಗಳಾದ ಮೇಲೆ ಯಜಮಾನರೇ ಮನೆಮನೆಗೆ ಹೋಗಿ ಗುಣವಾಯಿತೋ ಇಲ್ಲವೋ ನೋಡಿ, ಮನೆಯವರ ಹೆಸರು ಕಟ್ಟಿ ಶೀಶೆ ವಾಪಸು ತರಬೇಕು. ಅವರ ಎಣ್ಣೆ ಶೇಂಗಾ ಎಣ್ಣೆಯನ್ನು ಮೀರಿಸದೆ ಸೋತರೆ ಹಂಡೆಯನ್ನು ತಾವೇ ತಿಕ್ಕಿ ಒಪ್ಪಿಸಬೇಕು.

"ಯಾವ ಗುರುತು ಯಾವ ಎಣ್ಣಿಗಿ ಅಂತ ನನಗರ ಹೇಳು."

"ಗೊತ್ತಾದ್ರ, ನಿಮ್ಮ ಎಣ್ಣಿಯವ್ರು ಕುಂಟಿದ್ರೂ ನಿಮಗ ಓಡಿದಂಗ ಕಾಣ್ತೈತಿ."

ತಿಂಗಳು ಕಳೆಯಿತು. ಕೊಟ್ರಬಸಪ್ಪನವರು ದಿಗ್ವಿಜಯಕ್ಕೆ ಹೊರಟರು. ಜಟಕಾ ಮಾರೆಪ್ಪನಂತೂ ಅಂಗಳದಲ್ಲಿ ಕುಣಿದೇ ತೋರಿಸಿದ. "ಎಲ್ಲಾ ನಿಮ್ಮ ಎಣ್ಣಿ ಪ್ರತಾಪ, ಧಣಿ!" ಉಳಿದ ಮನೆಗಳಲ್ಲಿ ಕೆಲವರು ನಕ್ಕರು, ಹೆಚ್ಚಿನವರು ಕೂತಲ್ಲಿಂದ ಏಳದೆಯೇ ಕೈಮುಗಿದರು.

ಸಂಜೆ ಗುರುಶಾಂತಮ್ಮ ಬಿರಡೆಗಳನ್ನು ಬಿಚ್ಚಿದಳು. "ನಿಮ್ಮ ಎಣ್ಣಿಯಾಗ ಗುಣ ಆದವ್ರು ನಾಲ್ಕು. ಶೇಂಗಾ ಎಣ್ಣಿಯಾಗ ಐದು."

"ಮಾರೆಪ್ಪ?"

"ಶೇಂಗಾ."

ಕೊಟ್ರಬಸಪ್ಪನವರು ಹುಣಸೆಹಣ್ಣು, ಬೂದಿ ತಗೊಂಡು ಹಂಡೆ ತಿಕ್ಕಿದರು. ಬೆಳಗಿಟ್ಟು, ಮಾಳಿಗೆಗೆ ಹೋಗಿ ಮುಖ ಮರೆಸಿಕೊಳ್ಳೋಣವೆಂದು ಎದ್ದರೆ, ಇಪ್ಪತ್ತು ಮನೆ ಸುತ್ತಿದ ಮೊಣಕಾಲು ಮೊದಲ ಮೆಟ್ಟಿಲಿಗೇ ಕೈಕೊಟ್ಟಿತು. ಅಲ್ಲೇ ಕುಸಿದು ಕೂತರು.

ಗುರುಶಾಂತಮ್ಮ ಕಪ್ಪು ಶೀಶೆಯೊಂದನ್ನು ತಂದು, ಅವರ ಕಾಲನ್ನು ತೊಡೆಯ ಮೇಲೆಳೆದುಕೊಂಡು ತಿಕ್ಕತೊಡಗಿದಳು. ಹಾಯೆನಿಸಿತು.

"ಇದು ಯಾವ ಎಣ್ಣಿ?" ಕೇಳಿದರು ಮೆಲ್ಲಗೆ.

"ಸುಮ್ನ ಕುಂದರ್ರಿ," ಎಂದಳು. "ಅದು ನಿಮಗ ಗೊತ್ತಾಗಬಾರ್ದು."