ಮಾವನ ನೀಲಿ ಗೆರೆ

ನನ್ನ ಸೋದರಮಾವ ಕುಡಿಯುತ್ತಿರಲಿಲ್ಲ, ಇಸ್ಪೀಟು ಮುಟ್ಟುತ್ತಿರಲಿಲ್ಲ, ಬೀಡಿಯ ಹೊಗೆ ಕಂಡರೆ ಕೆಮ್ಮುತ್ತಿದ್ದ. ಹೊಲ ಇತ್ತು, ಜೋಡಿ ಎತ್ತಿದ್ದವು, ತಲೆತುಂಬ ಕೂದಲಿತ್ತು. ಆದರೂ ನಮ್ಮೂರು ತಿಗನಾರೆಯ ಸುತ್ತಮುತ್ತ ಯಾರೊಬ್ಬರೂ ಅವನಿಗೆ ಹೆಣ್ಣು ಕೊಡಲು ಮುಂದೆ ಬರಲಿಲ್ಲ. ಕಾರಣ ಹೇಳಿದರೆ ನೀವು ನಂಬುವುದಿಲ್ಲ. ಅವನು ಕೌದಿ ಹೊಲಿಯುತ್ತಿದ್ದ!

ಹೊಲಿದರೇನಂತೆ, ಅದೂ ಒಂದು ತಪ್ಪೇ ಎನ್ನುತ್ತೀರಿ. ಹೊಲಿಯುವುದು ಖಂಡಿತ ತಪ್ಪಲ್ಲ. ಬೇರೆಯವರು ಹೊಲಿದದ್ದನ್ನು ಬಿಚ್ಚುವುದು ತಪ್ಪು. ನಮ್ಮ ಮಾವ ಬಲಗೈಯಲ್ಲಿ ಸೂಜಿ, ಎಡಗೈಯಲ್ಲಿ ಬ್ಲೇಡಿನ ಚೂರು ಹಿಡಿದೇ ಹುಟ್ಟಿದವನು.

ಇದು ತೊಂಬತ್ತರ ದಶಕದ ಮಾತು. ತಾಳವಾಡಿಯ ಸಂತೆಗೆ ಹುಲಿ ಚಿತ್ರದ ರಗ್ಗುಗಳು ಆಗಿನ್ನೂ ಬಂದಿರಲಿಲ್ಲ. ಈಗ ನಮ್ಮೂರಿನಲ್ಲಿ ಎಲ್ಲರೂ ಹುಲಿ ಹೊದ್ದು ಮಲಗುತ್ತಾರೆ. ಆಗ ಅಜ್ಜಿಯ ಸೀರೆ, ಅಪ್ಪನ ಪಂಚೆ, ಅಕ್ಕನ ಲಂಗ ಹೀಗೆ ಮನೆಮಂದಿಯನ್ನೇ ಹೊದ್ದು ಮಲಗುತ್ತಿದ್ದೆವು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂರಿಸಿ, ಈ ಅಂಚಿನಿಂದ ಆ ಅಂಚಿನವರೆಗೆ ಸಾಲು ಸಾಲಾಗಿ ಕೈಹೊಲಿಗೆ ಹಾಕಿದರೆ ಕೌದಿ. ಅಜ್ಜಿ ಅದನ್ನು ಬೊಂತೆ ಎನ್ನುತ್ತಿದ್ದಳು. ಹೊಲಿಗೆ ಗೇಣುದ್ದವಿದ್ದರೂ ಚಳಿ ತಡೆಯುತ್ತದಲ್ಲ, ಇನ್ನೇನು ಬೇಕು ಎನ್ನುವುದು ಊರ ಹೆಂಗಸರ ಲೆಕ್ಕ. ಮಾವನ ಲೆಕ್ಕ ಬೇರೆ. ಹೊಲಿಗೆ ಎಂದರೆ ಅಕ್ಕಿಕಾಳಿನಷ್ಟಿರಬೇಕು. ಎರಡು ಹೊಲಿಗೆಯ ನಡುವಿನ ಸಂದೂ ಅಕ್ಕಿಕಾಳಿನಷ್ಟೇ ಇರಬೇಕು. ದಾರ ಎಳೆದರೆ ಬಟ್ಟೆ ಮುದುಡಬಾರದು, ಬಿಟ್ಟರೆ ಜೋಲಬಾರದು. ಇನ್ನು ಕೌದಿಯನ್ನು ಮಗುಚಿ ಹಾಕಿದರೆ ಯಾವುದು ಬೆನ್ನು, ಯಾವುದು ಹೊಟ್ಟೆ ಎಂದು ಹೊಲಿದವನಿಗೇ ಗೊತ್ತಾಗಬಾರದು!

ಈ ವಿದ್ಯೆಯನ್ನು ಅವನು ಕಲಿತದ್ದು ಮರದ ಮೇಲೆ. ರಾಗಿ ತೆನೆ ಕಟ್ಟುವ ಕಾಲಕ್ಕೆ ಕಾಡಿನಿಂದ ಆನೆ, ಹಂದಿ ಇಳಿಯುತ್ತವೆ. ಗಂಡಸರು ಹೊಲದ ಮರಕ್ಕೆ ಅಟ್ಟಣೆ ಕಟ್ಟಿ ಕಾವಲು ಕೂರುತ್ತಾರೆ. ಮಿಕ್ಕವರು ನಿದ್ದೆ ಬಾರದಿರಲೆಂದು ಬೀಡಿ ಸೇದಿದರೆ ಮಾವ ಸೂಜಿ ಹಿಡಿದ. ಒಮ್ಮೆ ಆನೆಯೊಂದು ಬಂದು ಅರ್ಧ ಹೊಲ ಮೇಯ್ದು, ಯಾಕೆ ಯಾರೂ ಕೂಗುತ್ತಿಲ್ಲ ಎಂದು ಅಟ್ಟಣೆಯ ಕಡೆ ತಲೆ ಎತ್ತಿ ನೋಡಿತಂತೆ. ಮಾವ, “ಇರು, ಈ ಸಾಲು ಮುಗೀಲಿ” ಎಂದನಂತೆ. ಆನೆ ಪಾಪ ಕಾಯುತ್ತ ನಿಂತಿತಂತೆ. ಈ ಕಥೆಯನ್ನು ಕಟ್ಟಿದವನು ನಾನೇ. ಆದರೆ ಊರಲ್ಲಿ ಯಾರೊಬ್ಬರೂ ಇದನ್ನು ಅನುಮಾನಿಸಲಿಲ್ಲ ಎಂಬುದನ್ನು ತಾವು ಗಮನಿಸಬೇಕು.

ಆಗ ನಾನು ತಾಳವಾಡಿಯಲ್ಲಿ ಪ್ಲಸ್ ಟೂ ಮುಗಿಸಿ, ಮುಂದೇನು ಎಂದು ಕೇಳಿದವರಿಗೆ ಕೇಳಿದವರ ದನಿಯಲ್ಲೇ ಉತ್ತರ ಕೊಡುತ್ತ ಕಾಲ ಕಳೆಯುತ್ತಿದ್ದೆ. ಸತ್ಯಮಂಗಲದ ಬಸ್ಸಿನ ಕಂಡಕ್ಟರನ ತಮಿಳು, ಹಿತ್ತಿಲಿಗೆ ಬರುವ ನವಿಲು, ದೊಡ್ಡಪ್ಪನ ಗೊರಕೆ ಎಲ್ಲವೂ ನನ್ನ ಗಂಟಲಲ್ಲಿದ್ದವು. ನನ್ನ ಸ್ವಂತ ದನಿ ಯಾವುದೆಂದು ಮನೆಯವರಿಗೇ ಗುಮಾನಿ. ಅವ್ವನ ತವರು ನಮ್ಮ ಮನೆಯ ಎದುರಿಗೇ ಇದ್ದುದರಿಂದ ಮಾವನನ್ನು ಅನುಕರಿಸುವ ಅವಕಾಶ ಹೇರಳವಾಗಿ ಸಿಗುತ್ತಿತ್ತು. ಒಂದು ಕಣ್ಣು ಮುಚ್ಚಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಹೊಲಿಗೆಯ ಸಾಲಿನುದ್ದಕ್ಕೂ ಅವನು ನೋಟ ಹರಿಸುತ್ತಿದ್ದನಲ್ಲ, ಅದನ್ನು ನಾನು ಅಂಗಳದಲ್ಲಿ ಮಾಡಿ ತೋರಿಸಿದರೆ ಅಜ್ಜಿ ನಕ್ಕು ನಕ್ಕು ಎಲೆಅಡಿಕೆ ಉಗುಳಿಬಿಡುತ್ತಿದ್ದಳು.

ತಮಾಷೆ ಏನು ಗೊತ್ತೇ? ಇಷ್ಟು ನೇರದ ಹುಚ್ಚಿದ್ದ ಮನುಷ್ಯ ನೇಗಿಲು ಹಿಡಿದರೆ ಸಾಲು ಹೆಂಡ ಕುಡಿದ ಕೇರೆಹಾವಿನಂತೆ ಹೋಗುತ್ತಿತ್ತು. ಎತ್ತುಗಳೇ ಹಿಂತಿರುಗಿ ಹಿಂತಿರುಗಿ ನೋಡುತ್ತಿದ್ದವು. ಅದನ್ನು ಎತ್ತಿ ಆಡಿದರೆ, ನೆಲಕ್ಕೆ ಗೆರೆ ಎಳೆದುಕೊಡುವವರಾರು ಎಂದು ನನ್ನನ್ನೇ ಕೇಳುತ್ತಿದ್ದ.

ಗೆರೆ! ಮಾವನ ಬದುಕೆಲ್ಲ ಆ ಗೆರೆಯ ಮೇಲೆ ನಿಂತಿತ್ತು. ಮರ ಕೊಯ್ಯುವವರನ್ನು ನೋಡಿ ಅವನೊಂದು ಉಪಾಯ ಕಲಿತಿದ್ದ. ದಾರಕ್ಕೆ ಬಣ್ಣ ಹಚ್ಚಿ, ಹಾಸಿದ ಕೌದಿಯ ಎರಡು ತುದಿಗಳಲ್ಲಿ ಇಬ್ಬರು ಬಿಗಿಯಾಗಿ ಹಿಡಿದು, ನಡುವೆ ಚಿಟಿಕೆಯಲ್ಲಿ ಎತ್ತಿ ಬಿಟ್ಟರೆ ಟಪ್ಪೆಂದು ಬಟ್ಟೆಯ ಮೇಲೆ ನೇರವಾದ ಗೆರೆ ಮೂಡುತ್ತದೆ. ಆ ಗೆರೆಯ ಮೇಲೆ ಸೂಜಿ ನಡೆಸಿದರಾಯಿತು. ಆದರೆ ಯಾವ ಬಣ್ಣ ಹಚ್ಚಬೇಕು? ಮೊದಲು ಒಲೆಯ ಬೂದಿ ಹಚ್ಚಿದ. ಅಜ್ಜಿ ಸೀನಿದಳು, ಗೆರೆ ಹಾರಿಹೋಯಿತು. ಇದ್ದಿಲ ಪುಡಿ ಹಚ್ಚಿದ. ಆ ಕೌದಿ ಹೊದ್ದವರು ಬೆಳಿಗ್ಗೆ ಮುಖದ ಮೇಲೆ ಉದ್ದುದ್ದ ನಾಮ ಹಾಕಿಕೊಂಡು ಎದ್ದರು. ಕೊನೆಗೆ ಅರಿಶಿನದ ಗೆರೆ ಎಳೆದು, ಗೆರೆಗಳು ಅಂಚನ್ನು ಕೂಡುವ ಕಡೆಯೆಲ್ಲ ಗುರುತಿಗೆಂದು ಕುಂಕುಮದ ಬೊಟ್ಟಿಟ್ಟ. ಗಾಳಿಗೆ ಹಾರದಿರಲೆಂದು ನಾಲ್ಕು ಮೂಲೆಗೂ ಕಲ್ಲಿಟ್ಟು ಮನೆಯ ಮುಂದೆ ಹರಡಿ, ಊಟಕ್ಕೆ ಒಳಗೆ ಹೋದ. ಅಂದು ಅಮಾವಾಸ್ಯೆ!

ಹಾದುಹೋದ ಹೆಂಗಸೊಬ್ಬಳು ತಲೆಯ ಮೇಲಿದ್ದ ಸೌದೆ ಹೊರೆಯನ್ನು ಅಲ್ಲೇ ಎಸೆದು ಓಡಿದಳು. ಯಾರೋ ಮಾಟ ಮಾಡಿಸಿದ್ದಾರೆಂದು ಊರು ಕೂಡಿತು. ಪೂಜಾರಿ ಬಂದು ನಿಂಬೆಹಣ್ಣು ಕೊಯ್ದ, ತೆಂಗಿನಕಾಯಿ ಒಡೆದ. ನಾಲ್ವರು ಗಂಡಸರು ಮೈಗೆ ತಾಗದಂತೆ ಕೋಲುಗಳಲ್ಲಿ ಕೌದಿಯನ್ನೆತ್ತಿ ಊರಾಚೆ ಎಸೆಯಲು ಹೊರಟರು. ಮಾವ ಎಂಜಲು ಕೈಯಲ್ಲೇ ಅವರ ಹಿಂದೆ ಓಡಿದ. “ಅಣ್ಣೋ, ಇನ್ನೂ ಅಂಚು ಕಟ್ಟಿಲ್ಲ ಕಣಣ್ಣೋ” ಎಂದು ಅವನು ಬೇಡಿಕೊಂಡದ್ದನ್ನು ನಾನು ಎಷ್ಟು ಸಲ ಅಭಿನಯಿಸಿ ತೋರಿಸಿದ್ದೇನೋ! ಅದೇ ಕೌದಿಯನ್ನು ಹೊತ್ತು ತಂದು ಅದೇ ರಾತ್ರಿ ಹೊದ್ದು ಮಲಗಿ, ಮಾರನೆಯ ದಿನ ಮಾವ ಆರೋಗ್ಯವಾಗಿ ಎದ್ದದ್ದನ್ನು ಕಂಡು ಊರವರು ಅವನೇ ದೊಡ್ಡ ಮಂತ್ರವಾದಿ ಎಂದು ತೀರ್ಮಾನಿಸಿದರು. ಮಗುವಿಗೆ ತಾಯತ ಕೇಳಲು ಬಂದವಳಿಗೆ ಅವನು ಅಕ್ಕಿಕಾಳಿನ ಹೊಲಿಗೆ ಹೇಳಿಕೊಟ್ಟು ಕಳಿಸಿದ.

ಆಮೇಲೆ ಸಿಕ್ಕಿತು ನೀಲಿ. ಬಿಳಿ ಪಂಚೆ ತೊಳೆಯಲು ನೀರಿಗೆ ಹಾಕುವ ನೀಲಿಪುಡಿ. ಗೆರೆ ಚೆನ್ನಾಗಿ ಕಾಣುತ್ತದೆ, ಒಂದು ಸಲ ಒಗೆದರೆ ಹೋಗುತ್ತದೆ. ಅಂದಿನಿಂದ ಮಾವನ ಬೆರಳ ತುದಿಗಳು ನೀಲಿಯಾದವು. ಅನ್ನ ಕಲಸಿದರೆ ಅನ್ನವೂ ನೀಲಿ.

ಗೆರೆ ಸಿಕ್ಕ ಮೇಲೆ ಬ್ಲೇಡಿಗೆ ಬಿಡುವೇ ಇಲ್ಲದಾಯಿತು. ಗೆರೆಯಿದ್ದೂ ತಪ್ಪಿದವರಿಗೆ ಕ್ಷಮೆಯುಂಟೇ? ಅವ್ವನ ಸಾಲು ಬಿಚ್ಚಿದ. ಸಹಾಯಕ್ಕೆಂದು ಕೂತ ನನ್ನ ಸಾಲನ್ನು ನೋಡಿ, “ಇದ್ಯಾನ್ಲಾ, ಕೋಳಿ ಕೆರ್ದಂಗದ” ಎಂದು ಕೋಳಿಗೂ ಅವಮಾನವಾಗುವಂತೆ ಬಿಚ್ಚಿದ. ಕಣ್ಣು ಮಂಜಾಗಿದ್ದ ಅಜ್ಜಿ ಒಂದು ವಾರ ಕೂತು ಹೊಲಿದದ್ದನ್ನು ಅವಳು ಸಂತೆಗೆ ಹೋಗಿ ಬರುವುದರೊಳಗೆ ಬಿಚ್ಚಿ ಮಡಚಿಟ್ಟ. ಅಜ್ಜಿ ಬಟ್ಟೆಯನ್ನು ಕೈಯಿಂದ ಸವರಿ ನೋಡಿದಳು.

“ನೀನು ಉಟ್ಟುದಾಗ ಇಂತದ್ರಲ್ಲೇ ಸುತ್ತಿದ್ನಲ್ಲ. ಆಗ ಗೆರ ನೇರಗದಾ ಅಂತ ಕೇಳುದ್ಯಾ?”

ಮಾವ ಆಗಲೇ ದಾರಕ್ಕೆ ನೀಲಿ ಹಚ್ಚಿ, ಅದೇ ಸಾಲಿಗೆ ಮತ್ತೆ ಗೆರೆ ಎಳೆಯುತ್ತಿದ್ದ. ದೀಪಾವಳಿ ಮುಗಿದ ಮೇಲೆ ಗುಮಟಾಪುರದಲ್ಲಿ ಸಗಣಿ ಎರಚಾಡುವ ಹಬ್ಬಕ್ಕೆ ಒಮ್ಮೆ ಅವನನ್ನು ಎಳೆದುಕೊಂಡು ಹೋಗಿದ್ದೆ. ಊರೆಲ್ಲ ಸಗಣಿಯಲ್ಲಿ ಮಿಂದೇಳುತ್ತಿದ್ದರೆ ಈತ ಮೂಲೆಯಲ್ಲಿ ನಿಂತು, ಉಂಡೆಗಳು ಒಂದೇ ಗಾತ್ರಕ್ಕಿಲ್ಲವೆಂದು ಬೇಸರಪಡುತ್ತಿದ್ದ!

ಇಂಥವನಿಗೆ ಹೆಣ್ಣು ನೋಡುವುದೆಂದರೆ ಹೇಗಿರಬೇಡ? ಹೆಣ್ಣಿನ ಮನೆಗಳಲ್ಲಿ ಬೀಗರು ಕೂರಲಿ ಎಂದು ಇದ್ದುದರಲ್ಲೇ ಒಳ್ಳೆಯ ಕೌದಿ ಹಾಸುವುದು ನಮ್ಮ ಕಡೆಯ ರೂಢಿ. ಮೊದಲ ಮನೆಯಲ್ಲಿ ಹುಡುಗಿ ಕಾಫಿ ಹಿಡಿದು ಬಂದಾಗ ಮಾವ ಅಲ್ಲಿರಲಿಲ್ಲ. ಅಂದರೆ, ಇದ್ದ; ನೆಲಕ್ಕೆ ಕೆನ್ನೆ ತಾಗಿಸಿ ಕೌದಿಯ ಸಾಲು ನೋಡುತ್ತಿದ್ದ. ಹುಡುಗಿ ಹೆದರಿ ಒಳಗೋಡಿದಳು. ಎರಡನೆಯ ಮನೆಯಲ್ಲಿ ಹುಡುಗಿಯ ಅಪ್ಪನನ್ನು ಎಬ್ಬಿಸಿ, ಅವನು ಕೂತಿದ್ದ ಕೌದಿಯ ಮೂಲೆಯನ್ನು ಮಗುಚಿ, “ಇಂದ್ಗಡ ಬರೀ ಗಂಟೇ ಕಣಕ್ಕಾ” ಎಂದು ನನ್ನ ಅವ್ವನಿಗೆ ತೋರಿಸಿದ. ಹುಡುಗಿಯ ಅಪ್ಪ ನಿಂತೇ ಹೇಳಿದ: “ಗಂಟು ಬ್ಯಾಡಾಂದ್ರ ಬುಡಿ, ನಾವೂ ಆಕಾದಿಲ್ಲ.”

ಸುದ್ದಿ ಹಬ್ಬಿತು. ವರುಷಗಳು ಹೋದವು. ಮಾವನ ಕಿವಿಯ ಪಕ್ಕ ಬೆಳ್ಳಿಕೂದಲು ಬಂದವು. ಅಜ್ಜಿ, ತಾನು ಹೋದ ಮೇಲೆ ಇವನಿಗೊಂದು ಮುದ್ದೆ ತಿರುವಿ ಹಾಕುವವರು ಯಾರು ಎಂದು ಒಲೆಯ ಮುಂದೆ ಕೂತು ಅಳುತ್ತಿದ್ದಳು. ಕೊನೆಗೆ ಚಾಮರಾಜನಗರದ ಕಡೆಯಿಂದ ಒಂದು ಸಂಬಂಧ ಬಂದಾಗ ಅವ್ವ ಬುದ್ಧಿ ಓಡಿಸಿದಳು. ನಮ್ಮ ಹುಡುಗನಿಗೆ ಹಳೆ ಬಟ್ಟೆಯ ಧೂಳು ಆಗುವುದಿಲ್ಲ, ದಯವಿಟ್ಟು ಬರೀ ಚಾಪೆ ಹಾಸಿ ಎಂದು ಮುಂಚೆಯೇ ಹೇಳಿ ಕಳಿಸಿದಳು. ಅವರು ಪಾಪ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಪಕ್ಕದ ಮನೆಗೆ ಸಾಗಿಸಿದ್ದರು. ನೋಡಲು ಬೇರೇನೂ ಇಲ್ಲದೆ ಮಾವ ಆ ದಿನ ಮೊದಲ ಬಾರಿಗೆ ಹುಡುಗಿಯನ್ನು ನೋಡಿದ. ಮದುವೆಯಾಯಿತು!

ಬಂದ ಅತ್ತೆ ಹೇಗಿದ್ದಳು ಎನ್ನುತ್ತೀರಿ? ಅವಳು ನಕ್ಕರೆ ಮೂರು ಮನೆ ಆಚೆಗೆ ಕೇಳುತ್ತಿತ್ತು. ಹೊಲಕ್ಕಿಳಿದರೆ ಇಬ್ಬರ ಕೆಲಸ ಒಬ್ಬಳೇ ಮಾಡುತ್ತಿದ್ದಳು. ನನ್ನ ಅನುಕರಣೆ ನೋಡಿ, ನೀನು ಮಾಡುವ ನಿನ್ನ ಮಾವ ಇನ್ನೂ ಸ್ವಲ್ಪ ಬಗ್ಗಬೇಕು ಎಂದು ತಿದ್ದಿದಳು. ಅಜ್ಜಿ ಒಲೆಯ ಮುಂದೆ ಅಳುವುದನ್ನು ಬಿಟ್ಟಳು. ಆದರೆ ದೇವರು ಅತ್ತೆಗೆ ಒಂದನ್ನು ಮಾತ್ರ ಕೊಟ್ಟಿರಲಿಲ್ಲ. ಸೂಜಿ ಹಿಡಿದರೆ ಅವಳ ಕೈ ಅವಳ ಮಾತಿನ ಹಿಂದೆ ಹೋಗುತ್ತಿತ್ತು. ತವರಿನ ಸುದ್ದಿ ಹೇಳುವಾಗ ಹೊಲಿಗೆ ಬಡಗಣಕ್ಕೆ ತಿರುಗಿದರೆ, ನಗು ಬಂದಾಗ ಒಮ್ಮೆಲೇ ಏರು ಹತ್ತುತ್ತಿತ್ತು. ನೀಲಿ ಗೆರೆ ಎಲ್ಲೋ, ಇವಳ ದಾರ ಎಲ್ಲೋ!

ಮೊದಲ ಸಲ ಅವಳು ಹೊಲಿದ ಸಾಲನ್ನು ಮಾವ ಅದೇ ಸಂಜೆ ಬಿಚ್ಚಿದ. ಕೆಟ್ಟ ಮನಸ್ಸಿನಿಂದಲ್ಲ; ಬಟ್ಟೆಗೆ ಅಂಟಿದ ಮುಳ್ಳು ಕೀಳುವ ಹಾಗೆ, ಯೋಚನೆಯೇ ಇಲ್ಲದೆ. ಅತ್ತೆ ಬಂದು ನೋಡಿದಳು. ಅಂದು ಅವಳ ನಗು ನಮ್ಮ ಮನೆಗೆ ಕೇಳಿಸಲಿಲ್ಲ. ಬೆಳಿಗ್ಗೆ ಅಜ್ಜಿಯ ಹತ್ತಿರ ಮೆಲ್ಲಗೆ ಹೇಳಿದಳು.

“ನಿಮ್ಮ ಮಗ ಒಲದಲ್ಲಿ ಕಳ ಕೀಳಾಕಿಲ್ಲ, ನನ್ನ ಒಲಿಗ ಕೀಳ್ತಾರ. ಮಧ್ಯಾನ ಪೂರ್ತಿ ಇಲ್ಲೇ ಕೂತಿದ್ನಲ್ಲತ್ತ. ಸಂಜಗ ನೋಡುದ್ರ ನಾನು ಕೂತಿದ್ದ ಗುರ್ತೇ ಇಲ್ಲ. ಇನ್ನೊಂದ್ಸಲ ಬಿಚ್ಚುದ್ರ ನಾನು ಚಾಮ್ರಾಜ್ನಗರದ ಬಸ್ಸು ಅತ್ತುದಿ ಅನ್ಕೊಳಿ.”

ಹಾಸ್ಯಕ್ಕೆ ಹೇಳಿದ ಮಾತಲ್ಲವೆಂದು ಅಜ್ಜಿಗೆ ತಿಳಿಯಿತು. ಅವ್ವನಿಗೆ ಹೇಳಿದಳು, ಅವ್ವ ನನಗೆ ಹೇಳಿದಳು, ನಾನು ಮಾವನಿಗೆ ಹೇಳಿದೆ, ಅದೂ ಅತ್ತೆಯ ದನಿಯಲ್ಲೇ. ಎಂದೂ ನನ್ನನ್ನು ಬೈಯದೆ ಬಿಟ್ಟವನಲ್ಲ. ಅಂದು ಮಾತ್ರ ತನ್ನ ನೀಲಿ ಬೆರಳುಗಳನ್ನು ನೋಡಿಕೊಂಡು ಕೂತ.

ಮುಂದಿನ ವಾರ ಅತ್ತೆ ಮತ್ತೆ ಕೌದಿಯ ಮುಂದೆ ಕೂತಳು. ಮನೆಯವರೆಲ್ಲ ಬೇಡವೆಂದು ಕಣ್ಣಲ್ಲೇ ಹೇಳಿದೆವು. ಅವಳು ಬೇಕೆಂದೇ ಕೂತಳು. ಕೌದಿಯ ನಟ್ಟನಡುವೆ, ಮಾವ ಹಿಂದಿನ ದಿನ ಎಳೆದ ಗೆರೆಯ ಮೇಲೆ, ಈ ತುದಿಯಿಂದ ಆ ತುದಿಯವರೆಗೆ ಒಂದು ಸಾಲು ಹೊಲಿದಳು. ಮೊದಲ ಗೇಣು ಉಸಿರು ಹಿಡಿದು ಹೊಲಿದಳು, ನೇರವಾಗಿಯೇ ಬಂತು. ಆಮೇಲೆ ಏನೋ ನೆನಪಾಯಿತು, ಹೇಳತೊಡಗಿದಳು. ಅಲ್ಲಿಂದ ಮುಂದೆ ಆ ಸಾಲು ತಿರುವು ತಿರುವಿನ ದಿಂಬಂ ಘಾಟಿಯ ರಸ್ತೆಯೇ ಆಯಿತು! ಮುಗಿಸಿ, ಒಮ್ಮೆ ನೋಡಿ, ಬಿಂದಿಗೆ ಎತ್ತಿಕೊಂಡು ನೀರಿಗೆ ಹೋದಳು.

ಮಾವ ಹೊಲದಿಂದ ಬಂದ. ಕೌದಿಯ ಮುಂದೆ ಕೂತ. ಒಂದು ಕಣ್ಣು ಮುಚ್ಚಿ ನೆಲಕ್ಕೆ ಕೆನ್ನೆ ತಾಗಿಸಿದ. ನಾನು, ಅವ್ವ, ಅಜ್ಜಿ ಬಾಗಿಲಲ್ಲಿ ನಿಂತಿದ್ದೆವು. ಅವನು ಆ ಸಾಲನ್ನು ತುದಿಯಿಂದ ತುದಿಗೆ ನೋಡಿ ಎದ್ದು ಕೂತು, ನನಗೆ ಹೇಳಿದ: “ಓಗಿ ನೀಲಿ ಕಲ್ಸ್ಕಂಡು ಬಾಲಾ.”

ಅಜ್ಜಿಯ ಕೈ ಬಾಗಿಲ ಚೌಕಟ್ಟನ್ನು ಹಿಡಿಯಿತು. “ಬ್ಯಾಡ ಕಣ್ಲಾ ಮಗ. ಸೊಟ್ಟಗಿದ್ರ ಇರ್ಲಿ ಬುಡು. ನಿಂಗ ಬದುಕು ಬೇಕಾ, ಗೆರ ಬೇಕಾ?”

ನಾನು ನೀಲಿ ತಂದೆ. ದಾರದ ಒಂದು ತುದಿ ಹಿಡಿಯಲು ಕೈಯನ್ನೂ ಚಾಚಿದೆ. ಮಾವ ದಾರ ಕೊಡಲಿಲ್ಲ. ಪೊರಕೆಯಿಂದ ಒಂದು ಕಡ್ಡಿ ಮುರಿದು, ನೀಲಿಯಲ್ಲಿ ಅದ್ದಿ, ಅತ್ತೆಯ ಹೊಲಿಗೆಯಿಂದ ಒಂದು ಬೆರಳು ದೂರದಲ್ಲಿ ಬಟ್ಟೆಗೆ ತಾಗಿಸಿದ. ಅವಳ ಸಾಲು ಎಲ್ಲಿ ಬಾಗಿತ್ತೋ ಅಲ್ಲಿ ಕಡ್ಡಿಯೂ ಬಾಗಿತು. ಅವಳು ನಕ್ಕು ಏರು ಹತ್ತಿದ ಕಡೆ ಇವನೂ ನಿಧಾನಕ್ಕೆ ಏರು ಹತ್ತಿದ, ಇಳಿದ ಕಡೆ ಇಳಿದ. ಆ ಗೆರೆಯ ಪಕ್ಕ ಇನ್ನೊಂದು, ಅದರ ಪಕ್ಕ ಮತ್ತೊಂದು. ತಾನೇ ಎಳೆದಿದ್ದ ನೇರ ಗೆರೆಗಳನ್ನೆಲ್ಲ ಒದ್ದೆ ಬಟ್ಟೆಯಿಂದ ಒರೆಸುತ್ತ, ಅಂಚು ಮುಟ್ಟುವವರೆಗೆ ಎಳೆದ. ಗಾಳಿ ಬೀಸಿದಾಗ ರಾಗಿ ಹೊಲ ಹೇಗಿರುತ್ತದೆ? ಹಾಗಿತ್ತು ಕೌದಿ. ಆಮೇಲೆ ಸೂಜಿ ತೆಗೆದು ಮೊದಲ ಗೆರೆಯ ಮೇಲೆ ಅಕ್ಕಿಕಾಳುಗಳನ್ನು ಜೋಡಿಸತೊಡಗಿದ.

ಅತ್ತೆ ಬಂದಳು. ಸೊಂಟದ ಬಿಂದಿಗೆ ಇಳಿಸದೆಯೇ ನಿಂತು ನೋಡಿದಳು.

“ಇದ್ಯಾನ, ಗೆರನೇ ಸೊಟ್ಟಗ ಬಂದದಲ್ಲ.”

ಮಾವ ತಲೆ ಎತ್ತಲಿಲ್ಲ. “ಸೊಟ್ಟಗಿಲ್ಲ. ನೀನು ಓದ ಕಡ ಓಗದ.”

ಅತ್ತೆ ಬಿಂದಿಗೆ ಇಳಿಸಿ, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವನ ಪಕ್ಕದಲ್ಲಿ ಕೂತಳು. ಮಾವ ಸೂಜಿಯನ್ನು ಅವಳ ಕೈಗೆ ಕೊಟ್ಟ. ಅವಳು ಹೊಲಿಯುವಷ್ಟು ಹೊತ್ತೂ ಬಟ್ಟೆ ಮುದುಡದಂತೆ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತ.