ಚಿಕ್ಕಮ್ಮನ ಹಬ್ ಬೇಟೆ

ನಮ್ಮ ಚಿಕ್ಕಮ್ಮನನ್ನು ಊಟಕ್ಕೆ ಕರೆಯುವ ಆಸೆಯಿದ್ದರೆ ಮೊದಲು ನಿಮ್ಮ ಮನೆಯ ಪ್ಲಗ್ ಪಾಯಿಂಟುಗಳನ್ನು ನೋಡಿಕೊಳ್ಳಿ! ಮದುವೆಗೆ ಹೋಗಿ ಬಂದವಳನ್ನು "ಹುಡುಗಿ ಹೆಂಗವ್ಳೆ?" ಅಂತ ಕೇಳಿದರೆ, "ಸೀರಿಯಲ್ ಸೆಟ್ಟಿಗೆ ವೈರು ಎಳೆದಿರೋದು ಸರಿಯಿಲ್ಲ ಕಣೆ" ಎನ್ನುವ ಹೆಂಗಸು.

ಹೊಸೂರಿನಂಚಿನ ಒಂದು ಶಾಲೆಯಲ್ಲಿ ನಾನು ಕನ್ನಡ ಟೀಚರು, ಅವಳು ಕಂಪ್ಯೂಟರ್ ಟೀಚರು. ಶಾಲೆಯ ನೆಟ್ಟಿನ ಯಜಮಾನಿಕೆಯೂ ಅವಳದೇ. ಒಂದು ವೈರಿನಿಂದ ನಾಲ್ಕಾರು ಕಂಪ್ಯೂಟರಿಗೆ ನೆಟ್ಟು ಹಂಚುವ ಹಬ್ ಎಂಬ ಪುಟ್ಟ ಡಬ್ಬಿಯನ್ನು ಯಾರಾದರೂ ಹೇಳದೆ ಕೇಳದೆ ತಂದು ಸಿಕ್ಕಿಸಿದರೆ ಅವಳಿಗೆ ಮೈಯೆಲ್ಲ ಉರಿ. ಅಪ್ಪಿತಪ್ಪಿ ಒಂದೇ ವೈರಿನ ಎರಡೂ ತುದಿಯನ್ನು ಅದಕ್ಕೇ ಚುಚ್ಚಿದಿರೋ, ಹೋದದ್ದೇ ತಿರುಗಿ ಬಂದು, ಬಂದದ್ದೇ ಮತ್ತೆ ಹೋಗಿ, ಇಡೀ ಶಾಲೆಯ ನೆಟ್ಟು ಮಲಗಿಬಿಡುತ್ತದೆ. ತಮಿಳು ಮೇಷ್ಟ್ರು ಜೂಜುವಾಡಿಯಲ್ಲಿ ಕೊಂಡ ಹಬ್ಬೊಂದನ್ನು ಊಟದ ಕ್ಯಾರಿಯರಿನಲ್ಲಿ ಬಚ್ಚಿಟ್ಟಿದ್ದರು. ಚಿಕ್ಕಮ್ಮ "ಇವತ್ತೇನು ಸಾಂಬಾರು ಸಾರ್?" ಎನ್ನುತ್ತ ಮುಚ್ಚಳ ತೆಗೆದೇಬಿಟ್ಟಳು!

ಆಯುಧ ಪೂಜೆಯ ರಜೆ ಮುಗಿದು ಶಾಲೆ ತೆರೆದ ದಿನ ನೆಟ್ಟು ಮಲಗಿತ್ತು. ಅವತ್ತೇ ಹನ್ನೊಂದಕ್ಕೆ ನಮ್ಮ ಹಳೇ ವಿದ್ಯಾರ್ಥಿನಿಯೊಬ್ಬಳಿಗೆ ನರ್ಸಿಂಗ್ ಸೀಟಿನ ಸಂದರ್ಶನ, ವೀಡಿಯೋದಲ್ಲಿ. ಅಂಚೆಟ್ಟಿ ಕಡೆಯ ಅವಳ ಹಳ್ಳಿಯಲ್ಲಿ ಸಿಗ್ನಲ್ ಇಲ್ಲವೆಂದು, ನಡೆದು ಬಸ್ಸು ಹಿಡಿದು ನಮ್ಮನ್ನೇ ನಂಬಿ ಬಂದಿದ್ದಳು. ಕ್ಯಾಮೆರಾ ಇದ್ದದ್ದು ಹೆಡ್ ಮಾಸ್ಟರ ಕಂಪ್ಯೂಟರಿಗೆ ಮಾತ್ರ. ಅದರ ಮುಂದೆ ಕೂತ ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

ಚಿಕ್ಕಮ್ಮ ಎಲ್ಲ ಕೋಣೆಗಳ ವೈರು ಬಂದು ಸೇರುವ ದೊಡ್ಡ ಪೆಟ್ಟಿಗೆಯಲ್ಲಿ ಒಂದೊಂದೇ ಕೋಣೆಯ ವೈರು ಕಿತ್ತಳು. ಹೆಡ್ ಮಾಸ್ಟರ ಕೋಣೆಯದು ಕಿತ್ತದ್ದೇ, ಹುಚ್ಚೆದ್ದು ಮಿಣುಕುತ್ತಿದ್ದ ದೀಪಗಳು ಸುಮ್ಮನಾದವು.

"ನನ್ನ ರೂಮಲ್ಲಿ ಹಬ್ಬಾ? ಸಾಮಿ ಸತ್ಯಮಾ ಇಲ್ಲ ಮೇಡಂ!" ಹೆಡ್ ಮಾಸ್ಟರು ದೇವರಾಣೆ ಇಟ್ಟರು.

ಚಿಕ್ಕಮ್ಮ ಸೀದಾ ಅವರ ಮೇಜಿನ ಕೆಳಗೆ ತೂರಿದಳು. ಅಲ್ಲಿತ್ತು, ಅರಿಶಿನ ಕುಂಕುಮ ಹಚ್ಚಿಸಿಕೊಂಡು, ತಲೆಗೆ ಸೇವಂತಿಗೆ ಮುಡಿದು!

"ಪೂಜೆ ಮಾಡೋವಾಗ ವೈರಿನ ಒಂದು ತುದಿ ನೇತಾಡ್ತಿತ್ತು. ಹಬ್ಬದ ದಿನ ಹಂಗೆ ಬಿಡಬಾರ್ದು ಅಂತ ಸಿಕ್ಕಿಸ್ಬುಟ್ಟೆ," ಹೆಡ್ ಮಾಸ್ಟರು ತಲೆ ಕೆರೆದುಕೊಂಡರು.

"ಕುಂಕುಮ ದೇವ್ರಿಗಿಡಿ ಸಾರ್!" ಎಂದ ಚಿಕ್ಕಮ್ಮ ಹಬ್ ಕಿತ್ತು, ಗೋಡೆಯ ವೈರನ್ನು ನೇರ ಕಂಪ್ಯೂಟರಿಗೇ ಚುಚ್ಚಿದಳು. ಆದರೆ ಅದರ ಕ್ಲಿಪ್ ಮುರಿದಿತ್ತು. ಕೈಬಿಟ್ಟರೆ ಕಳಚಿಕೊಳ್ಳುತ್ತಿತ್ತು. ನಾನು ಪೆಟ್ಟಿಗೆಯಲ್ಲಿ ಆ ಕೋಣೆಯ ವೈರು ಮತ್ತೆ ಸಿಕ್ಕಿಸಿ ಬರುವಷ್ಟರಲ್ಲಿ ಸಂದರ್ಶನ ಶುರುವಾಗಿತ್ತು. ಚಿಕ್ಕಮ್ಮ ಏಳುವ ಹಾಗಿರಲಿಲ್ಲ. ವೈರು ಒತ್ತಿ ಹಿಡಿದು, ಮಾತು ಮುಗಿಯುವವರೆಗೂ ಧೂಳಿನಲ್ಲೇ ಮಲಗಿದ್ದಳು. ಮೇಜಿನಾಚೆ ಅವಳ ಪಾದಗಳು ಮಾತ್ರ ಕಾಣುತ್ತಿದ್ದವು.

ಮುಗಿದ ಮೇಲೆ ಹುಡುಗಿ ಎದ್ದಳು. ಸುತ್ತಿ ಬಂದು ಆ ಪಾದಗಳನ್ನು ಮುಟ್ಟಿದಳು.

"ಯಾವನ್ಲಾ ಅದು ಕಾಲು ಹಿಡಿಯೋನು? ವೈರು ಇನ್ನೂ ಕೈಯಾಗೈತೆ!"

"ನಾನು ಮೇಡಂ. ಬಂದು ಸೇರ್ಕೋ ಅಂದ್ರು."

ಚಿಕ್ಕಮ್ಮನ ಕಾಲ್ಬೆರಳುಗಳು ನಾಚಿಕೊಂಡು ಮಡಚಿಕೊಂಡವು. ನನಗೆ ತಡೆಯಲಾಗಲಿಲ್ಲ. ಆ ಹುಡುಗಿಯ ಪಕ್ಕದಲ್ಲಿ ನಾನೂ ಬಗ್ಗಿದೆ.